ಹಲ್ಲಿನ ಹೊದಿಕೆ: ಆಯ್ಕೆಗೆ ಮುನ್ನ ಅರಿಯಬೇಕಾದುದು

ಮುಖಕ್ಕೆ ನಗುವೇ ಆಭರಣವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಹಲ್ಲಿನ ಬಣ್ಣ ಮಾಸಿದವರು, ಮುಂದಿನ ಹಲ್ಲಿನ ತುದಿ ಮುರಿದವರು, ಹಲ್ಲುಗಳ ನಡುವೆ ಸಂದು ಬಿದ್ದವರು ಮನಸಾರೆ ನಗಲು ಹಿಂಜರಿಯುತ್ತಾರೆ. ಮಾತನಾಡುವಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಭಾವಚಿತ್ರ ತೆಗೆಯುವಾಗ ತುಟಿ ಬಿಗಿಯುತ್ತಾರೆ. ಇದನ್ನು ಒಣ ಶೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಲ್ಲಿನ ಕಾರಣದಿಂದ ನಾಲ್ಕು ಜನರ ಮುಂದೆ ಮಾತನಾಡಲು ಅಳುಕುವ ವಿದ್ಯಾರ್ಥಿಯ ಸಂಕಟವೂ ಸಂಕಟವೇ. ಅದಕ್ಕೆ ಪರಿಹಾರ ಬಯಸುವುದರಲ್ಲಿ ತಪ್ಪಿಲ್ಲ. ಯಾವ ಪರಿಹಾರವನ್ನು ಆರಿಸಿಕೊಳ್ಳುತ್ತೇವೆ ಎಂಬುದರಲ್ಲಿ ಮಾತ್ರ ಎಚ್ಚರ ಬೇಕು.

ಒಂದು ಕಾಲದಲ್ಲಿ ಮಹಾನಗರಗಳಿಗಷ್ಟೇ ಸೀಮಿತವಾಗಿದ್ದ ಹಲ್ಲಿನ ಸೌಂದರ್ಯ ಚಿಕಿತ್ಸೆ ಇಂದು ನಮ್ಮ ಕರಾವಳಿಯ ಸಣ್ಣ ಪಟ್ಟಣಗಳಿಗೂ ಬಂದಿದೆ. ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿರುವ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಹಲ್ಲು ಕೀಳಿಸಲು, ಹುಳುಕು ತುಂಬಿಸಲು ಮಾತ್ರ ವೈದ್ಯರನ್ನು ಕಾಣುತ್ತಿದ್ದ ಕುಟುಂಬಗಳು ಈಗ ‘ಹಲ್ಲಿಗೆ ಹೊದಿಕೆ ಹಾಕಿಸಬಹುದೇ’ ಎಂದು ವಿಚಾರಿಸುತ್ತಿವೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ರಜೆಗೆ ಊರಿಗೆ ಬಂದವರು ಅಲ್ಲಿ ಕಂಡ ಜಾಹೀರಾತಿನ ನೆನಪಿನಲ್ಲಿ ಕೇಳುತ್ತಾರೆ. ನಿಶ್ಚಿತಾರ್ಥದ ದಿನ ಗೊತ್ತಾದ ಮನೆಯವರು ಅವಸರದಲ್ಲಿ ಕೇಳುತ್ತಾರೆ. ಮೊಬೈಲಿನಲ್ಲಿ ನಟ ನಟಿಯರ ಹೊಳೆಯುವ ಹಲ್ಲುಗಳನ್ನು ಕಂಡ ಯುವಕರು ಕುತೂಹಲದಿಂದ ಕೇಳುತ್ತಾರೆ. ಎಲ್ಲರ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ: ಯಾವುದು ಹೆಚ್ಚು ಬಿಳುಪು, ಯಾವುದು ಹೆಚ್ಚು ಬಾಳಿಕೆ, ಯಾವುದು ಅಗ್ಗ?

ಈ ಮೂರೂ ಬೇಕಾದ ಪ್ರಶ್ನೆಗಳೇ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಹೊದಿಕೆಗಾಗಿ ನನ್ನ ಸ್ವಂತ ಹಲ್ಲನ್ನು ಎಷ್ಟು ತೇಯಬೇಕಾಗುತ್ತದೆ? ಹೊದಿಕೆ ಹಾಳಾದರೆ ಮತ್ತೊಂದನ್ನು ಮಾಡಿಸಬಹುದು. ತೇಯ್ದ ಹಲ್ಲನ್ನು ಮರಳಿ ಪಡೆಯಲಾಗದು. ಈ ಲೇಖನದ ಸಾರವೆಲ್ಲ ಇಷ್ಟೇ. ಉಳಿದುದು ಇದರ ವಿವರಣೆ.

ತೇಯ್ದರೆ ಮರಳಿ ಬೆಳೆಯದ ಪದರ

ಹಲ್ಲಿನ ಹೊರಗಿನ ಗಟ್ಟಿ ಪದರಕ್ಕೆ ಎನಾಮಲ್ ಎಂದು ಹೆಸರು. ಮನುಷ್ಯನ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ತೂಕದಲ್ಲಿ ಇದರ ಸುಮಾರು 96 ಭಾಗ ಖನಿಜವೇ. ಇದನ್ನು ನಿರ್ಮಿಸುವ ಜೀವಕೋಶಗಳು ಹಲ್ಲು ಹುಟ್ಟಿ ಬಾಯಿಗೆ ಬರುವ ಹೊತ್ತಿಗೆ ಅಳಿದುಹೋಗುತ್ತವೆ. ಚರ್ಮ ತರಚಿದರೆ ಹೊಸ ಚರ್ಮ ಬರುತ್ತದೆ, ಎಲುಬು ಮುರಿದರೆ ಕೂಡಿಕೊಳ್ಳುತ್ತದೆ; ಎನಾಮಲ್ ಮಾತ್ರ ಒಮ್ಮೆ ಹೋದರೆ ಹೋದದ್ದೇ.

ಮೇಲಿನ ಬಾಚಿಹಲ್ಲುಗಳಲ್ಲಿ ಈ ಪದರದ ದಪ್ಪ ಹಲ್ಲಿನ ತುದಿಯ ಕಡೆ ಸುಮಾರು 1 ಮಿಲಿಮೀಟರು; ಒಸಡಿನ ಬಳಿ ಅದು 0.3ರಿಂದ 0.5 ಮಿಲಿಮೀಟರಿಗೆ ಇಳಿಯುತ್ತದೆ. ಇದರ ಕೆಳಗಿರುವುದು ಡೆಂಟಿನ್ ಎಂಬ, ತುಸು ಹಳದಿ ಛಾಯೆಯ ಮೆತುವಾದ ಪದರ. ಅದರೊಳಗಿನ ಸೂಕ್ಷ್ಮ ನಾಳಗಳ ಮೂಲಕ ತಂಪು, ಬಿಸಿ, ಹುಳಿಗಳ ಅರಿವು ಒಳಗಿನ ನರಕ್ಕೆ ಮುಟ್ಟುತ್ತದೆ. ಹೊದಿಕೆಯನ್ನು ಅಂಟಿಸುವ ಅಂಟು ಎನಾಮಲ್ಲಿನ ಮೇಲೆ ಬಲವಾಗಿ ಹಿಡಿಯುತ್ತದೆ. ಡೆಂಟಿನ್ನಿನ ಮೇಲೆ ಆ ಹಿಡಿತ ಅಷ್ಟು ದೃಢವಲ್ಲ. ಆದುದರಿಂದ ಎನಾಮಲ್ ಉಳಿದಷ್ಟೂ ಹೊದಿಕೆಗೆ ಬಾಳಿಕೆ, ಹಲ್ಲಿಗೆ ನೆಮ್ಮದಿ.

ಹಲ್ಲು ಅಂದಗೆಡುವ ಬಗೆಗಳು

ಕಾರಣ ತಿಳಿಯದೆ ಹೊದಿಕೆಯ ಆಯ್ಕೆ ಸಲ್ಲದು. ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವ ಕಾರಣಗಳು ಇವು.

ಮೊದಲನೆಯದು ಹೊರಗಿನಿಂದ ಅಂಟುವ ಕಲೆ. ಹೊನ್ನಾವರವು ವೀಳ್ಯದೆಲೆಗೆ ಹೆಸರಾದ ಸೀಮೆ. ಹೊನ್ನಾವರ, ಕುಮಟಾ ತಾಲ್ಲೂಕುಗಳ ತೋಟಗಳಲ್ಲಿ ಅಡಿಕೆಯೇ ಜೀವನಾಧಾರ. ಊಟವಾದ ಮೇಲೆ ಎಲೆಯಡಿಕೆ ಹಾಕುವ ರೂಢಿ ಮನೆಮನೆಯಲ್ಲೂ ಇದೆ. ಇದರ ಕೆಂಪು ಮತ್ತು ಕಂದು ಕಲೆ, ಚಹಾದ ಕಲೆ, ತಂಬಾಕಿನ ಕಪ್ಪು ಕಲೆ ಹಲ್ಲಿನ ಮೇಲ್ಮೈಯಲ್ಲಿರುತ್ತವೆ. ಇವುಗಳಲ್ಲಿ ಬಹುಪಾಲು ವೈದ್ಯರು ಹಲ್ಲು ಶುಚಿಗೊಳಿಸಿದರೆ ಹೋಗುತ್ತವೆ. ಹೊದಿಕೆಯ ಅವಶ್ಯಕತೆಯೇ ಬೀಳುವುದಿಲ್ಲ.

ಎರಡನೆಯದು ಫ್ಲೋರೋಸಿಸ್. ಇದು ಕರಾವಳಿಗಿಂತ ಬಯಲುಸೀಮೆಯ ಸಮಸ್ಯೆ. ಗದಗ ಜಿಲ್ಲೆಯ ಮುಂಡರಗಿ, ತುಮಕೂರು ಜಿಲ್ಲೆಯ ಪಾವಗಡ ಮೊದಲಾದ ಕಡೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು, ಬೇರೆ ನೀರು ಸಿಗದಿದ್ದಲ್ಲಿ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಎನಾಮಲ್ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಇದನ್ನು ಮೀರಿದ ನೀರನ್ನು ಕುಡಿದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟಿ, ತೀವ್ರವಾದರೆ ಕುಳಿಗಳು ಮೂಡುತ್ತವೆ. ನೌಕರಿ, ವರ್ಗಾವಣೆ, ವ್ಯಾಪಾರ ಮತ್ತು ಮದುವೆಗಳ ಕಾರಣದಿಂದ ಬಯಲುಸೀಮೆಯಿಂದ ಘಟ್ಟದ ಕೆಳಗೆ ಬಂದು ನೆಲೆಸಿದವರಲ್ಲಿ ಈ ಕಲೆಗಳು ಕಾಣುತ್ತವೆ. ನೀರು ಬದಲಾದರೂ ಬಾಲ್ಯದಲ್ಲಿ ಬಿದ್ದ ಕಲೆ ತಾನಾಗಿ ಹೋಗದು. ಇದು ಸ್ವಚ್ಛತೆಯ ಕೊರತೆಯಿಂದ ಬಂದುದಲ್ಲವೆಂಬುದನ್ನು ಇತರರು ಅರಿಯಬೇಕು. ಇಂಥವರನ್ನು ‘ಹಲ್ಲು ಉಜ್ಜುವುದಿಲ್ಲವೇ’ ಎಂದು ಹಂಗಿಸುವುದು ಅಜ್ಞಾನ.

ಮೂರನೆಯದು ಒಳಗಿನ ಬಣ್ಣಗೇಡು. ಬಾಲ್ಯದಲ್ಲಿ ಬಿದ್ದು ಪೆಟ್ಟಾದ ಹಲ್ಲಿನ ನರ ಸತ್ತು, ಆ ಒಂದು ಹಲ್ಲು ಮಾತ್ರ ಬೂದು ಬಣ್ಣಕ್ಕೆ ತಿರುಗುವುದುಂಟು. ಗರ್ಭಿಣಿಯರು ಅಥವಾ ಎಂಟು ವರ್ಷದೊಳಗಿನ ಮಕ್ಕಳು ಟೆಟ್ರಾಸೈಕ್ಲಿನ್ ಜಾತಿಯ ಔಷಧ ಸೇವಿಸಿದ್ದರೆ ಮಕ್ಕಳ ಹಲ್ಲುಗಳಲ್ಲಿ ಅಡ್ಡಪಟ್ಟಿಯಾಗಿ ಬೂದು ಅಥವಾ ಹಳದಿ ಛಾಯೆ ಉಳಿಯುತ್ತದೆ.

ನಾಲ್ಕನೆಯದು ಸವೆತ ಮತ್ತು ಮುರಿತ. ಇದ್ದಿಲು ಪುಡಿ, ಇಟ್ಟಿಗೆ ಪುಡಿ, ಮರಳುಮರಳಾದ ಉಪ್ಪಿನಿಂದ ಬಲವಾಗಿ ಉಜ್ಜುವುದು, ಹಲ್ಲು ಬೆಳ್ಳಗಾಗಲೆಂದು ನಿಂಬೆಹಣ್ಣು ತಿಕ್ಕುವುದು, ನಿದ್ದೆಯಲ್ಲಿ ಹಲ್ಲು ಕಡಿಯುವುದು ಇವೆಲ್ಲ ಎನಾಮಲ್ಲನ್ನು ತೇಯುತ್ತವೆ. ಬೇಸಿಗೆಯ ಮುರುಗಲ ಹಣ್ಣಿನ ಪಾನಕ ಹಿತಕರವೇ ಸರಿ. ಆದರೆ ಹುಳಿಯಾದುದನ್ನು ಗುಟುಕು ಗುಟುಕಾಗಿ ದಿನವಿಡೀ ಹೀರುತ್ತಿದ್ದರೆ ಹಲ್ಲಿನ ಮೇಲ್ಮೈ ಮೆತ್ತಗಾಗುತ್ತದೆ.

ಐದನೆಯದು ಜೋಡಣೆಯ ದೋಷ: ಉಬ್ಬುಹಲ್ಲು, ವಕ್ರಹಲ್ಲು, ಹಲ್ಲುಗಳ ನಡುವಿನ ಸಂದು. ಇಲ್ಲಿ ಹಲ್ಲು ಆರೋಗ್ಯವಾಗಿಯೇ ಇರುತ್ತದೆ. ಅದು ನಿಂತ ಸ್ಥಳ ಮಾತ್ರ ತಪ್ಪು.

ಹೊದಿಕೆಗಿಂತ ಮೊದಲು

ತೇಯುವ ಚಿಕಿತ್ಸೆಗೆ ಕೈಹಾಕುವ ಮುನ್ನ ತೇಯದ ಚಿಕಿತ್ಸೆಗಳನ್ನೆಲ್ಲ ಪರಿಶೀಲಿಸುವುದು ವಿವೇಕ. ಹಲ್ಲಿನ ಶುದ್ಧೀಕರಣ ಮೊದಲ ಮೆಟ್ಟಿಲು. ಶುಚಿಗೊಳಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಭಯ ನಮ್ಮಲ್ಲಿ ಬಹಳ ಜನರಿಗಿದೆ. ಅದು ನಿಜವಲ್ಲ. ಗಟ್ಟಿಕೊಳೆ ಒಸಡನ್ನೂ ಎಲುಬನ್ನೂ ಮೊದಲೇ ತಿಂದುಹಾಕಿರುತ್ತದೆ; ಕೊಳೆ ತೆಗೆದಾಗ ಆ ಸಡಿಲತನ ಕಾಣಿಸಿಕೊಳ್ಳುತ್ತದೆ ಅಷ್ಟೆ.

ಶುಚಿಗೊಳಿಸಿದ ಮೇಲೂ ಹಳದಿ ಛಾಯೆ ಉಳಿದರೆ ಬ್ಲೀಚಿಂಗ್ ಎಂಬ ಬಿಳುಪು ಚಿಕಿತ್ಸೆಯಿದೆ. ಪೆರಾಕ್ಸೈಡ್ ಜಾತಿಯ ಲೇಪವನ್ನು ವೈದ್ಯರ ಉಸ್ತುವಾರಿಯಲ್ಲಿ ಬಳಸುವ ಈ ಕ್ರಮದಲ್ಲಿ ಹಲ್ಲನ್ನು ತೇಯುವುದಿಲ್ಲ. ಕೆಲ ದಿನ ಜುಮ್ಮೆನ್ನುವುದು ಸಾಮಾನ್ಯ. ನರ ಸತ್ತು ಬೂದಾದ ಹಲ್ಲಿಗೆ ಬೇರಿನ ಚಿಕಿತ್ಸೆ ಮಾಡಿ ಒಳಗಿನಿಂದಲೇ ಬಿಳುಪು ತರುವ ವಿಧಾನವೂ ಇದೆ. ಫ್ಲೋರೋಸಿಸ್ಸಿನ ಹಗುರವಾದ ಕಂದು ಕಲೆಗೆ ಮೇಲ್ಮೈಯ ಕೂದಲೆಳೆಯಷ್ಟು ಪದರವನ್ನು ಮಾತ್ರ ನಯವಾಗಿ ಉಜ್ಜಿ ತೆಗೆಯುವ ಕ್ರಮವಿದೆ. ಬಿಳಿ ಮಚ್ಚೆಗಳೊಳಗೆ ತೆಳುವಾದ ರಾಳವನ್ನು ಇಂಗಿಸಿ ಮಚ್ಚೆ ಕಾಣದಂತೆ ಮಾಡುವ ಕ್ರಮವೂ ಇದೆ. ಜೋಡಣೆಯ ದೋಷಕ್ಕೆ ಸಹಜವಾದ ಪರಿಹಾರ ತಂತಿ ಕಟ್ಟಿಸುವುದು. ಅದಕ್ಕೆ ಒಂದರಿಂದ ಎರಡು ವರ್ಷ ಹಿಡಿಯಬಹುದು. ಆದರೆ ಒಂದು ಹಲ್ಲನ್ನೂ ಕಳೆಯದೆ, ತೇಯದೆ ಅನೇಕರಲ್ಲಿ ಸಾಲು ಸರಿಹೋಗುತ್ತದೆ. ವಯಸ್ಸು ಮೀರಿತೆಂದು ಹಿಂಜರಿಯಬೇಕಿಲ್ಲ. ಒಸಡು ಮತ್ತು ಎಲುಬು ಆರೋಗ್ಯವಾಗಿದ್ದರೆ ಮೂವತ್ತು ನಲವತ್ತರಲ್ಲೂ ತಂತಿ ಕಟ್ಟಬಹುದು.

ಈ ಹಂತದಲ್ಲಿಯೇ ಹೇಳಬೇಕಾದ ಗಂಭೀರ ಮಾತೊಂದಿದೆ. ಎಲೆಯಡಿಕೆ, ತಂಬಾಕು, ಗುಟ್ಕಾ ಅಭ್ಯಾಸವಿರುವವರು ಹಲ್ಲಿನ ಕಲೆ ಮುಚ್ಚಿಸುವ ಮೊದಲು ಬಾಯಿಯ ಒಳಪದರವನ್ನು ಪರೀಕ್ಷಿಸಿಕೊಳ್ಳಬೇಕು. ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಖಾರ ತಿಂದರೆ ಉರಿ, ಬಾಯಿ ಪೂರ್ತಿ ತೆರೆಯಲಾಗದಿರುವುದು ಇವು ಅಪಾಯದ ಮುನ್ಸೂಚನೆಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಬೆರೆಸದ ಅಡಿಕೆಯ ಜಗಿತವನ್ನೂ ಕ್ಯಾನ್ಸರಿಗೆ ಕಾರಣವಾಗುವ ಸಂಗತಿಗಳ ಪಟ್ಟಿಯಲ್ಲಿ ಸೇರಿಸಿದೆ. ಅಡಿಕೆ ಬೆಳೆಯುವ ನಾಡಿಗೆ ಇದು ಕಹಿಯಾದ ಮಾತು; ಆದರೂ ಬಾಯಿಯ ಆರೋಗ್ಯದ ವಿಷಯದಲ್ಲಿ ಮುಚ್ಚಿಡಲಾಗದ ಮಾತು. ಕಲೆಯನ್ನು ಮುಚ್ಚಿ ರೋಗವನ್ನು ಒಳಗೇ ಬೆಳೆಸುವುದಕ್ಕಿಂತ ದೊಡ್ಡ ನಷ್ಟವಿಲ್ಲ.

ಹೊದಿಕೆಗಳ ನಾಲ್ಕು ವಿಧ

ಹಲ್ಲಿನ ಮುಂಭಾಗಕ್ಕೆ ತೆಳುವಾದ ಹಾಳೆಯಂತೆ ಅಂಟಿಸುವ ಹೊದಿಕೆಗೆ ವಿನಿಯರ್ ಎಂದು ಹೆಸರು. 1930ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ಚಲನಚಿತ್ರ ನಟರಿಗೆ ಇಂಥ ತೆಳು ಹೊದಿಕೆಗಳನ್ನು ಮಾಡಿಕೊಡುತ್ತಿದ್ದರು. ಅವು ಕ್ಯಾಮೆರಾದ ಮುಂದೆ ನಿಲ್ಲುವಷ್ಟು ಹೊತ್ತಿಗೆ ಮಾತ್ರ; ಹಲ್ಲಿಗೆ ಭದ್ರವಾಗಿ ಅಂಟಿಸುವ ವಿದ್ಯೆ ಆಗ ಇರಲಿಲ್ಲ. 1955ರಲ್ಲಿ ಮೈಕೆಲ್ ಬುವನಕೋರ್ ಎಂಬುವರು ಎನಾಮಲ್ಲಿಗೆ ಸೌಮ್ಯವಾಗಿ ಆಮ್ಲ ತಾಗಿಸಿದರೆ ರಾಳ ಗಟ್ಟಿಯಾಗಿ ಹಿಡಿಯುತ್ತದೆಂದು ತೋರಿಸಿದರು. 1980ರ ದಶಕದ ಆರಂಭದಲ್ಲಿ ಪಿಂಗಾಣಿಯ ಒಳಮೈಯನ್ನೂ ಹಾಗೆಯೇ ಒರಟುಗೊಳಿಸಿ ಅಂಟಿಸುವ ಕ್ರಮ ಬಂದಿತು. ಇಂದಿನ ಹೊದಿಕೆಗಳೆಲ್ಲ ಈ ಎರಡು ಶೋಧಗಳ ಫಲ.

ಮೊದಲ ವಿಧ ಕಾಂಪೋಸಿಟ್ ಹೊದಿಕೆ. ಹುಳುಕು ತುಂಬಲು ಬಳಸುವ ಹಲ್ಲಿನ ಬಣ್ಣದ ರಾಳವನ್ನೇ ವೈದ್ಯರು ಹಲ್ಲಿನ ಮೇಲೆ ಪದರಪದರವಾಗಿ ಹಚ್ಚಿ, ನೀಲಿ ಬೆಳಕಿನಿಂದ ಗಟ್ಟಿಗೊಳಿಸಿ, ರೂಪ ಕೊಟ್ಟು ನಯಗೊಳಿಸುತ್ತಾರೆ. ಬಹುತೇಕ ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಹಲವು ಸಂದರ್ಭಗಳಲ್ಲಿ ಹಲ್ಲನ್ನು ತೇಯುವ ಅಗತ್ಯವೇ ಇರುವುದಿಲ್ಲ. ಮುರಿದರೆ ಅಲ್ಲಿಯೇ ಸರಿಪಡಿಸಬಹುದು. ಕೊರತೆಯೆಂದರೆ ಇದು ಚಹಾ, ಅರಿಸಿನ, ಎಲೆಯಡಿಕೆಗಳ ಬಣ್ಣವನ್ನು ಕಾಲಕ್ರಮದಲ್ಲಿ ಹೀರಿಕೊಳ್ಳುತ್ತದೆ, ಹೊಳಪು ಕುಂದುತ್ತದೆ, ಅಂಚುಗಳು ಚಕ್ಕೆಯೇಳುತ್ತವೆ. ಸಾಮಾನ್ಯವಾಗಿ ಐದರಿಂದ ಏಳು ವರ್ಷಗಳಲ್ಲಿ ದುರಸ್ತಿ ಅಥವಾ ಬದಲಾವಣೆ ಬೇಕಾಗುತ್ತದೆ.

ಎರಡನೆಯ ವಿಧ ಪಿಂಗಾಣಿ ಹೊದಿಕೆ. ಹಲ್ಲಿನ ಅಚ್ಚು ತೆಗೆದು ಪ್ರಯೋಗಾಲಯದಲ್ಲಿ ಇದನ್ನು ತಯಾರಿಸುತ್ತಾರೆ. ಇಂದು ಲಿಥಿಯಂ ಡೈಸಿಲಿಕೇಟ್ ಎಂಬ ಬಲವಾದ ಗಾಜಿನ ಜಾತಿಯ ಪಿಂಗಾಣಿ ಹೆಚ್ಚು ಬಳಕೆಯಲ್ಲಿದೆ. ಬೆಳಕು ತುಸು ಒಳಹೊಕ್ಕು ಹೊರಬರುವ ಗುಣದಿಂದ ಇದು ನಿಜವಾದ ಹಲ್ಲಿನಂತೆಯೇ ಕಾಣುತ್ತದೆ. ಕಲೆ ಹಿಡಿಯುವುದು ಬಹಳ ಕಡಿಮೆ. ಇದಕ್ಕಾಗಿ ಹಲ್ಲಿನ ಮುಂಭಾಗವನ್ನು ಸಾಮಾನ್ಯವಾಗಿ 0.3ರಿಂದ 0.7 ಮಿಲಿಮೀಟರಿನಷ್ಟು ತೇಯಬೇಕಾಗುತ್ತದೆ. ಒಳ್ಳೆಯ ಕೈಯಿಂದ ಆದ ಕೆಲಸ ಹತ್ತರಿಂದ ಹದಿನೈದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾಳುತ್ತದೆ. ಆದರೆ ಒಡೆದರೆ ದುರಸ್ತಿ ಕಷ್ಟ; ಇಡಿಯಾಗಿ ಬದಲಾಯಿಸಬೇಕು. ಬೆಲೆಯೂ ಕಾಂಪೋಸಿಟ್ಟಿನ ಹಲವು ಪಟ್ಟು.

ಮೂರನೆಯ ವಿಧ ಜನರು ‘ಕ್ಯಾಪ್’ ಎಂದು ಕರೆಯುವ ಪೂರ್ಣ ಹೊದಿಕೆ. ಇದು ಹಲ್ಲನ್ನು ಟೊಪ್ಪಿಗೆಯಂತೆ ಸುತ್ತಲೂ ಮುಚ್ಚುತ್ತದೆ. ಲೋಹದ ಮೇಲೆ ಪಿಂಗಾಣಿ, ಪೂರ್ಣ ಪಿಂಗಾಣಿ, ಜಿರ್ಕೋನಿಯಾ ಎಂಬ ಬಗೆಗಳಿವೆ. ಬಲದಲ್ಲಿ ಇದೇ ಮೇಲು. ಬೇರಿನ ಚಿಕಿತ್ಸೆಯಾದ ದವಡೆಹಲ್ಲಿಗೆ, ಅರ್ಧಕ್ಕೂ ಹೆಚ್ಚು ಮುರಿದ ಹಲ್ಲಿಗೆ ಇದು ರಕ್ಷಾಕವಚ. ಆದರೆ ಇದಕ್ಕಾಗಿ ಹಲ್ಲನ್ನು ಎಲ್ಲ ಬದಿಗಳಿಂದಲೂ 1ರಿಂದ 2 ಮಿಲಿಮೀಟರಿನಷ್ಟು ತೇಯಬೇಕು. ಮುಂದಿನ ಹಲ್ಲಿಗೆ ಪೂರ್ಣ ಪಿಂಗಾಣಿಯ ಕ್ಯಾಪ್ ಹಾಕಿದರೆ ಒಸಡಿನ ಮೇಲೆ ಕಾಣುವ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಹೋಗುತ್ತದೆ. ವಿನಿಯರಿನಲ್ಲಿ ಹೋಗುವುದು ಹೆಚ್ಚೆಂದರೆ ಮೂರರಲ್ಲೊಂದು ಭಾಗ, ಎಷ್ಟೋ ಸಲ ಅದಕ್ಕೂ ತೀರ ಕಡಿಮೆ. ಆಳವಾಗಿ ತೇಯ್ದ ಹಲ್ಲುಗಳಲ್ಲಿ ಕೆಲವಕ್ಕೆ ಮುಂದೊಂದು ದಿನ ನರ ಸತ್ತು ಬೇರಿನ ಚಿಕಿತ್ಸೆ ಬೇಕಾಗುವುದೂ ಉಂಟು.

ನಾಲ್ಕನೆಯದು ಅಂಟಿಸದೆ ಸಿಕ್ಕಿಸಿಕೊಳ್ಳುವ ಹೊದಿಕೆ. ಅಂತರ್ಜಾಲದ ಅಂಗಡಿಗಳಲ್ಲಿ ಅಗ್ಗದ ಬೆಲೆಗೆ ಮಾರುವ, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಹಲ್ಲಿಗೆ ಒತ್ತಿಕೊಳ್ಳುವ ಪ್ಲಾಸ್ಟಿಕ್ ಹಲ್ಲುಸಾಲು ಇದೇ. ಇದನ್ನು ಚಿಕಿತ್ಸೆಯೆನ್ನಲಾಗದು. ಇದರಡಿ ಆಹಾರ ಸಿಕ್ಕಿ ಹುಳುಕು, ಒಸಡಿನ ಊತ ಬರುತ್ತವೆ. ಧರಿಸಿ ಊಟ ಮಾಡುವಂತೆಯೂ ಇಲ್ಲ.

ಯಾರಿಗೆ ಯಾವುದು?

ಒಂದೆರಡು ಹಲ್ಲಿನ ತುದಿ ಮುರಿದಿದ್ದರೆ, ನಡುವಿನ ಸಂದು ಚಿಕ್ಕದಾಗಿದ್ದರೆ, ವಯಸ್ಸು ಇಪ್ಪತ್ತರ ಒಳಗಿದ್ದರೆ ಕಾಂಪೋಸಿಟ್ ಸಾಕು. ಹದಿಹರೆಯದವರಲ್ಲಿ ಹಲ್ಲಿನೊಳಗಿನ ನರದ ಕೋಣೆ ದೊಡ್ಡದು, ಒಸಡಿನ ಗೆರೆ ಇನ್ನೂ ಸ್ಥಿರವಾಗಿರುವುದಿಲ್ಲ. ಅವರ ಹಲ್ಲನ್ನು ತೇಯುವುದು ಸಲ್ಲದು.

ಫ್ಲೋರೋಸಿಸ್ ಅಥವಾ ಟೆಟ್ರಾಸೈಕ್ಲಿನ್ನಿನ ಗಾಢವಾದ ಕಲೆ ಬಿಳುಪು ಚಿಕಿತ್ಸೆಗೆ ಬಗ್ಗದಿದ್ದರೆ, ವಯಸ್ಕರಿಗೆ ಪಿಂಗಾಣಿಯ ಹೊದಿಕೆ ಯೋಗ್ಯ. ಫ್ಲೋರೋಸಿಸ್ ಇರುವ ಎನಾಮಲ್ಲಿನ ಮೇಲೆ ಅಂಟು ಹಿಡಿಯುವುದು ಕಷ್ಟವಾದ್ದರಿಂದ ಅನುಭವಿ ವೈದ್ಯರ ಕೈಯೇ ಬೇಕು. ಅಲ್ಲದೆ ಬಿಳುಪು ಚಿಕಿತ್ಸೆ ಮೊದಲು, ಹೊದಿಕೆ ನಂತರ ಎಂಬ ಅನುಕ್ರಮ ತಪ್ಪಬಾರದು. ನಡುವೆ ಎರಡು ವಾರದ ಅಂತರವಿರಬೇಕು. ಹೊದಿಕೆ ಕುಳಿತ ಮೇಲೆ ಬ್ಲೀಚಿಂಗಿನಿಂದ ಅದರ ಬಣ್ಣ ಬದಲಾಗುವುದಿಲ್ಲ.

ನಿದ್ದೆಯಲ್ಲಿ ಹಲ್ಲು ಕಡಿಯುವವರು, ಉಗುರು ಕಚ್ಚುವವರು, ಹಲ್ಲಿನಿಂದ ಕಬ್ಬು ಸಿಗಿಯುವವರು ಆ ಅಭ್ಯಾಸಕ್ಕೆ ಕಡಿವಾಣ ಬೀಳುವವರೆಗೆ ತೆಳು ಹೊದಿಕೆಯ ಆಸೆ ಬಿಡುವುದು ಲೇಸು. ಒಸಡಿನಲ್ಲಿ ರಕ್ತ ಬರುತ್ತಿರುವವರು, ಸಕ್ಕರೆ ಕಾಯಿಲೆ ಹತೋಟಿಗೆ ಬಾರದವರು ಮೊದಲು ಅವುಗಳ ಚಿಕಿತ್ಸೆ ಮಾಡಿಸಿಕೊಳ್ಳಬೇಕು. ಪಾಯ ಅಲುಗುವಾಗ ಗೋಡೆಗೆ ಸುಣ್ಣ ಬಳಿದು ಫಲವೇನು?

ಹಲ್ಲೇ ಉಳಿಯದ ಹಿರಿಯರಿಗೆ ಹೊದಿಕೆಯ ಮಾತು ಬಾರದು. ಅವರಿಗೆ ಬೇಕಾದುದು ಹಲ್ಲುಸೆಟ್ಟು. ಬಡ ಕುಟುಂಬಗಳ ಹಿರಿಯರಿಗಾಗಿ ರಾಜ್ಯ ಸರ್ಕಾರ ‘ದಂತ ಭಾಗ್ಯ’ ಯೋಜನೆಯನ್ನು ರೂಪಿಸಿದೆ; ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಈ ಬಗ್ಗೆ ವಿಚಾರಿಸಬಹುದು.

ಮದುವೆಯ ಅವಸರ

ಈ ಚಿಕಿತ್ಸೆಯಲ್ಲಿ ಅತಿ ಹೆಚ್ಚು ತಪ್ಪು ನಿರ್ಧಾರಗಳಾಗುವುದು ಮದುವೆಯ ಅವಸರದಲ್ಲಿ. ಇಪ್ಪತ್ತೆರಡರ ಹುಡುಗಿಯೊಬ್ಬಳ ಮೇಲಿನ ಹಲ್ಲುಗಳು ತುಸು ಉಬ್ಬಿವೆಯೆಂದುಕೊಳ್ಳೋಣ. ಹಲ್ಲುಗಳು ಪೂರ್ಣ ಆರೋಗ್ಯವಾಗಿವೆ. ಗಂಡಿನ ಕಡೆಯವರು ನೋಡಲು ಬರುವ ಮೊದಲು ಸರಿಯಾಗಲೆಂದು ಆರು ಹಲ್ಲುಗಳನ್ನು ತೇಯಿಸಿ ಕ್ಯಾಪ್ ಹಾಕಿಸಿದರೆ ಎರಡು ವಾರದಲ್ಲಿ ಕೆಲಸ ಮುಗಿಯುತ್ತದೆ. ತಂತಿ ಕಟ್ಟಿಸಿದರೆ ಒಂದೂವರೆ ವರ್ಷ. ಮೇಲ್ನೋಟಕ್ಕೆ ಮೊದಲನೆಯದೇ ಜಾಣತನವೆನಿಸುತ್ತದೆ.

ಲೆಕ್ಕ ಹಾಕಿ ನೋಡಿ. ಉತ್ತಮ ಕ್ಯಾಪ್ ಹದಿನೈದು ವರ್ಷ ಬಾಳುತ್ತದೆಂದು ಹಿಡಿದರೂ, ಎಪ್ಪತ್ತರ ವಯಸ್ಸು ಮುಟ್ಟುವ ಹೊತ್ತಿಗೆ ಆಕೆ ಅವೇ ಆರು ಹಲ್ಲುಗಳ ಹೊದಿಕೆಯನ್ನು ಇನ್ನೂ ಮೂರು ಬಾರಿ ಬದಲಾಯಿಸಬೇಕಾಗುತ್ತದೆ. ಪ್ರತಿ ಸಲವೂ ಹಲ್ಲು ಮತ್ತಷ್ಟು ಸವೆಯುತ್ತದೆ. ನಡುವೆ ಒಂದೆರಡರ ನರ ಸತ್ತರೆ ಬೇರಿನ ಚಿಕಿತ್ಸೆ. ಬೇರು ಸೀಳಿದರೆ ಹಲ್ಲು ಕೀಳಿಸುವುದು. ಒಂದೂವರೆ ವರ್ಷದ ತಾಳ್ಮೆಗೆ ಬದಲಾಗಿ ಐವತ್ತು ವರ್ಷದ ಖರ್ಚನ್ನು ಮೈಮೇಲೆಳೆದುಕೊಂಡಂತಾಯಿತು. ವಿವಾಹ ಒಂದು ದಿನದ ಸಂಭ್ರಮ, ಹಲ್ಲು ಜೀವನದುದ್ದದ ಸಂಗಾತಿ ಎಂಬುದನ್ನು ತಂದೆತಾಯಿಗಳು ನೆನಪಿಡಬೇಕು. ಹುಡುಗಿಯ ಇಚ್ಛೆಯನ್ನು ಕೇಳದೆ ಮನೆಯವರೇ ನಿರ್ಧರಿಸುವುದಂತೂ ಸರ್ವಥಾ ಸಲ್ಲದು. ಗಂಡುಮಕ್ಕಳ ಹಲ್ಲಿನ ಬಗ್ಗೆ ಯಾರೂ ಕೇಳದ ಪ್ರಶ್ನೆಯನ್ನು ಹೆಣ್ಣುಮಕ್ಕಳಿಗೇ ಕೇಳುವ ರೂಢಿಯನ್ನು ಗಂಡಿನ ಕಡೆಯವರೂ ಕೈಬಿಡಬೇಕು.

ವೈದ್ಯರನ್ನು ಆರಿಸುವಾಗ

ಕಾನೂನಿನ ಪ್ರಕಾರ ನೋಂದಾಯಿತ ದಂತವೈದ್ಯರು ಮಾತ್ರ ಹಲ್ಲಿನ ಚಿಕಿತ್ಸೆ ನೀಡಬಹುದು. ಕರ್ನಾಟಕದಲ್ಲಿ ಈ ನೋಂದಣಿಯನ್ನು ರಾಜ್ಯ ದಂತವೈದ್ಯ ಪರಿಷತ್ತು ಮಾಡುತ್ತದೆ. ಖಾಸಗಿ ಚಿಕಿತ್ಸಾಲಯಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಾಯಿಸಿಕೊಂಡಿರಬೇಕು. ಸಂತೆ, ಜಾತ್ರೆಗಳಲ್ಲಿ ಕುಳಿತು ಹಲ್ಲು ಕಟ್ಟುವವರ ಬಳಿ, ಸೌಂದರ್ಯ ಮಳಿಗೆಗಳಲ್ಲಿ ಹೊದಿಕೆ ಅಂಟಿಸುವವರ ಬಳಿ ಹೋಗಬಾರದು.

ಸ್ಥಳೀಯ ವೈದ್ಯರ ಸಲಹೆಯ ಮೇಲೆ ಇನ್ನೊಂದು ಅಭಿಪ್ರಾಯ ಬೇಕೆನಿಸಿದರೆ ದಂತ ಮಹಾವಿದ್ಯಾಲಯಗಳ ಆಸ್ಪತ್ರೆಗಳಿವೆ. ಭಟ್ಕಳ, ಹೊನ್ನಾವರದವರಿಗೆ ಕೊಂಕಣ ರೈಲಿನಲ್ಲಿ ಉಡುಪಿಗೆ ಇಳಿದರೆ 1965ರಲ್ಲಿ ಸ್ಥಾಪನೆಯಾದ ಮಣಿಪಾಲದ ದಂತ ಮಹಾವಿದ್ಯಾಲಯ ಹತ್ತಿರ. ಮಂಗಳೂರಿನಲ್ಲೂ ಇಂಥ ಸಂಸ್ಥೆಗಳಿವೆ. ಕುಮಟಾದವರು ಘಟ್ಟ ಹತ್ತಿ ಧಾರವಾಡದ ಎಸ್‌ಡಿಎಂ ದಂತ ಮಹಾವಿದ್ಯಾಲಯಕ್ಕೆ ಹೋಗಬಹುದು. ಶಿಕ್ಷಣ ಸಂಸ್ಥೆಗಳಲ್ಲಿ ತಂತಿ ಕಟ್ಟುವ ತಜ್ಞರು, ಒಸಡಿನ ತಜ್ಞರು, ಹೊದಿಕೆಯ ತಜ್ಞರು ಒಂದೇ ಸೂರಿನಡಿ ಸಿಗುತ್ತಾರೆ.

ವೈದ್ಯರನ್ನು ವಿನಯದಿಂದ, ಆದರೆ ಸಂಕೋಚವಿಲ್ಲದೆ ಕೇಳಬೇಕಾದ ಪ್ರಶ್ನೆಗಳಿವು:

1. ನನ್ನ ಸಮಸ್ಯೆಯ ಕಾರಣವೇನು? ತೇಯದೆ ಸರಿಪಡಿಸುವ ದಾರಿಯಿದೆಯೇ?
2. ನನಗೆ ಹಾಕುವುದು ವಿನಿಯರೋ, ಕ್ಯಾಪೋ? ಎಷ್ಟು ತೇಯುತ್ತೀರಿ?
3. ಎಷ್ಟು ಹಲ್ಲುಗಳಿಗೆ ನಿಜವಾಗಿ ಅವಶ್ಯಕ?
4. ತೇಯುವ ಮೊದಲು ಮುಂದಿನ ರೂಪವನ್ನು ತಾತ್ಕಾಲಿಕವಾಗಿ ನನ್ನ ಹಲ್ಲಿನ ಮೇಲೆಯೇ ತೋರಿಸುವಿರಾ?
5. ಒಡೆದರೆ ಅಥವಾ ಕಳಚಿದರೆ ಖರ್ಚು ಯಾರದು? ಬಳಸಿದ ವಸ್ತುವಿನ ಹೆಸರನ್ನು ಬರೆದು ಕೊಡುವಿರಾ?

ವಿನಿಯರ್ ಎಂದು ಹೇಳಿ ಕ್ಯಾಪ್ ಹಾಕುವ ಪ್ರಸಂಗಗಳು ದೇಶವಿದೇಶಗಳಲ್ಲಿ ನಡೆದಿವೆ. ರಜೆಯ ಒಂದೇ ವಾರದಲ್ಲಿ ಇಪ್ಪತ್ತು ಹಲ್ಲುಗಳನ್ನು ಹೊಸದಾಗಿಸಿಕೊಡುವ ಆಶ್ವಾಸನೆ ಎಲ್ಲಿಂದ ಬಂದರೂ ಎರಡನೆಯ ಪ್ರಶ್ನೆಯನ್ನು ತಪ್ಪದೆ ಕೇಳಿ. ‘ಜೀವಮಾನದ ಖಾತರಿ’ ಎಂಬ ಮಾತನ್ನೂ ನಂಬಬೇಡಿ. ಅಂಥ ಹೊದಿಕೆ ಯಾವುದೂ ಇಲ್ಲ. ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಯ ಖರ್ಚನ್ನು ಭರಿಸುವುದಿಲ್ಲವಾದ್ದರಿಂದ, ಸಾಲ ಮಾಡಿ ಹೊದಿಕೆ ಹಾಕಿಸುವ ಮುನ್ನ ಮುಂದಿನ ಬದಲಾವಣೆಯ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಣ್ಣದ ಆಯ್ಕೆಯಲ್ಲೂ ಮಿತಿಯಿರಲಿ. ಸುಣ್ಣದಂತೆ ಬಿಳುಪಾದ ಹಲ್ಲು ನಮ್ಮ ಮೈಬಣ್ಣಕ್ಕೆ ಒಪ್ಪದು. ಹಗಲು ಬೆಳಕಿನಲ್ಲಿ, ಪಕ್ಕದ ಹಲ್ಲಿಗೆ ಹೊಂದುವ ಛಾಯೆಯನ್ನು ಆರಿಸಿಕೊಂಡರೆ ಹೊದಿಕೆ ಹಾಕಿದ್ದೇ ಪರರಿಗೆ ತಿಳಿಯುವುದಿಲ್ಲ.

ಹಾಕಿಸಿದ ಮೇಲೆ

ಹೊದಿಕೆಗೆ ಹುಳುಕು ಹಿಡಿಯದು. ಆದರೆ ಅದರ ಅಂಚಿನಲ್ಲಿರುವ ಹಲ್ಲಿಗೆ ಹಿಡಿಯುತ್ತದೆ. ಮೃದುವಾದ ಬ್ರಷ್‌ನಿಂದ ದಿನಕ್ಕೆರಡು ಬಾರಿ, ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಬೇಕು. ಒರಟು ಹಲ್ಲುಪುಡಿ, ಮಿಶ್ರಿ ಬೇಡ. ಹಲ್ಲುಸಂದಿಗೆ ದಾರ ಹಾಕಿ ಶುಚಿಗೊಳಿಸಬೇಕು. ಹುರಿಗಡಲೆ, ಗಟ್ಟಿ ಚಕ್ಕುಲಿ, ಕಬ್ಬುಗಳನ್ನು ಮುಂದಿನ ಹಲ್ಲಿನಿಂದ ಕಚ್ಚದೆ ಸಣ್ಣ ತುಂಡು ಮಾಡಿ ದವಡೆಯಿಂದ ಅಗಿಯಬೇಕು. ಹುಳಿ ಪಾನಕ ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯ ನಂತರ ಹಲ್ಲುಜ್ಜಬೇಕು. ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ರಾತ್ರಿ ಧರಿಸುವ ರಕ್ಷಾಪಟ್ಟಿಯನ್ನು ಮಾಡಿಸಿಕೊಳ್ಳಬೇಕು.

ತಮ್ಮ ಹಲ್ಲಿನ ಕಲೆಯನ್ನು ಮುಚ್ಚಿಸಿಕೊಂಡ ತಂದೆತಾಯಿಗಳು ಮಕ್ಕಳ ಹಲ್ಲಿನತ್ತಲೂ ನೋಡಬೇಕು. ಬಯಲುಸೀಮೆಯ ಫ್ಲೋರೈಡ್ ನೀರಿನ ಊರಿನಲ್ಲಿ ಮಕ್ಕಳಿದ್ದರೆ ಅವರಿಗೆ ಶುದ್ಧೀಕರಿಸಿದ ನೀರನ್ನೋ ಮಳೆನೀರನ್ನೋ ಕೊಡುವುದು, ಎಳೆಯರ ಬ್ರಷ್ಷಿಗೆ ಅಕ್ಕಿಕಾಳಿನಷ್ಟೇ ಪೇಸ್ಟು ಹಚ್ಚುವುದು, ಪೇಸ್ಟನ್ನು ನುಂಗದಂತೆ ಕಲಿಸುವುದು, ಆರನೆಯ ವಯಸ್ಸಿನಲ್ಲಿ ಬರುವ ಮೊದಲ ಶಾಶ್ವತ ದವಡೆಹಲ್ಲನ್ನು ಹಾಲುಹಲ್ಲೆಂದು ಕಡೆಗಣಿಸದಿರುವುದು ಇವು ಖರ್ಚಿಲ್ಲದ ಚಿಕಿತ್ಸೆಗಳು. ಇವನ್ನು ಪಾಲಿಸಿದ ಮನೆಯ ಮಕ್ಕಳಿಗೆ ದೊಡ್ಡವರಾದ ಮೇಲೆ ಹೊದಿಕೆಯ ಅಗತ್ಯ ಬೀಳುವುದು ಅಪರೂಪ.

ಹೊದಿಕೆ ಬೇಕಾದವರು ನಿಸ್ಸಂಕೋಚವಾಗಿ ಹಾಕಿಸಿಕೊಳ್ಳಲಿ. ಆದರೆ ಮೊದಲು ಶುಚಿಗೊಳಿಸುವುದು, ಆಮೇಲೆ ಬಿಳುಪುಗೊಳಿಸುವುದು ಅಥವಾ ಸಾಲು ಸರಿಪಡಿಸುವುದು, ಆನಂತರ ಕಾಂಪೋಸಿಟ್, ಅದೂ ಸಾಲದಾದಾಗ ಪಿಂಗಾಣಿ, ಹಲ್ಲು ಅರ್ಧಕ್ಕೂ ಹೆಚ್ಚು ಹಾಳಾದಾಗ ಮಾತ್ರ ಕ್ಯಾಪ್ ಎಂಬ ಮೆಟ್ಟಿಲುಗಳ ಕ್ರಮವನ್ನು ಮರೆಯದಿರಲಿ. ಕೆಳಗಿನ ಮೆಟ್ಟಿಲಿನಲ್ಲಿ ಕೆಲಸವಾಗುವುದಾದರೆ ಮೇಲಿನ ಮೆಟ್ಟಿಲು ಹತ್ತಬೇಕಿಲ್ಲ.